ನಾಲ್ಕು ಕಾಲಿನ ಶಾಸನ

ಸಂಪಾಜೆಯ ಹಳೇ ನೀರಿನ ಟ್ಯಾಂಕಿನ ಚರಿತ್ರೆ ಬರೆಯಲು ಕೂತರೆ ಮೊದಲು ಏಳುವ ಪ್ರಶ್ನೆ: ಯಾವ ಸಂಪಾಜೆಯದ್ದು? ನಮ್ಮಲ್ಲಿ ಎರಡಿವೆ. ಒಂದು ಕೊಡಗಿನದು, ಮಡಿಕೇರಿ ತಾಲೂಕು. ಇನ್ನೊಂದು ದಕ್ಷಿಣ ಕನ್ನಡದ್ದು, ಸುಳ್ಯ ತಾಲೂಕು. ಹೆಸರು ಒಂದೇ, ಪಂಚಾಯತಿ ಎರಡು. ಈ ಗಡಿಯ ಕತೆ ಹಳೆಯದು: 1834ರಲ್ಲಿ ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ನುಂಗಿದ ಕಂಪೆನಿ ಸರಕಾರ, ಅಮರ ಸುಳ್ಯ ಸೀಮೆಯನ್ನು ಕತ್ತರಿಸಿ ಕೆನರಾ ಜಿಲ್ಲೆಗೆ ಅಂಟಿಸಿತು. ಬೆಳೆಯಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಎಣಿಸಿ ಎಂದಿತು. ಜನ 1837ರಲ್ಲಿ ದಂಡು ಕಟ್ಟಿಕೊಂಡು ಮಂಗಳೂರಿನವರೆಗೆ ನಡೆದು ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದರು. ಅವರ ಮರಿಮಕ್ಕಳು ಈಗ ಗಾಳಿ ಬಿಡುವ ನಲ್ಲಿಗೂ ನೀರಿನ ಕರವನ್ನು ನಗದಾಗಿಯೇ ಕಟ್ಟಿ, ರಶೀದಿ ಮಡಚಿ ಜೇಬಿಗಿಟ್ಟುಕೊಂಡು ಮನೆಗೆ ಬರುತ್ತಾರೆ.

ಟ್ಯಾಂಕ್ ಎಂಬುದು ಮೂಲತಃ ಬಯಲುಸೀಮೆಯ ಬುದ್ಧಿ. ಹತ್ತು ಮೀಟರ್ ಎತ್ತರದಲ್ಲಿ ನೀರು ನಿಂತರೆ ಕೆಳಗಿನ ಕೊಳಾಯಿಯಲ್ಲಿ ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ. ಗುಡ್ಡ ಇಲ್ಲದವರು ಕಾಂಕ್ರೀಟಿನ ಗುಡ್ಡ ಕಟ್ಟಿಕೊಳ್ಳಬೇಕು, ನ್ಯಾಯವೇ. ಬೆಂಗಳೂರಿನವರು 1896ರಲ್ಲಿ ಹೆಸರಘಟ್ಟದ ನೀರಿಗೆ ಪಂಪು ಹಾಕಿದರು; ಅದು ಸಾಲದಾದಾಗ ನಮ್ಮ ತಲಕಾವೇರಿಯ ಹುಡುಗಿಯನ್ನೇ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರಕ್ಕೆ ಮೇಲೆತ್ತಿಕೊಂಡು ಹೋದರು. ಅವರ ಕಷ್ಟ ಅವರಿಗೆ.

ಆದರೆ ಸಂಪಾಜೆ ಇರುವುದು ಘಟ್ಟದ ಬುಡದಲ್ಲಿ. ರಸ್ತೆ ಹತ್ತಿ ಮಡಿಕೇರಿ ಮುಟ್ಟಿದರೆ ಸಮುದ್ರಮಟ್ಟದಿಂದ 1,100 ಮೀಟರ್ ದಾಟುತ್ತದೆ. ಇಷ್ಟೆತ್ತರದ ಟ್ಯಾಂಕನ್ನು ದೇವರೇ ಟೆಂಡರ್ ಕರೆಯದೆ ಕಟ್ಟಿ ಕೊಟ್ಟಿದ್ದಾನೆ. ಅಜ್ಜಂದಿರು ಗುಡ್ಡದ ಒರತೆಗೆ ಅಡಿಕೆ ಮರ ಸೀಳಿದ ದಂಬೆ ಇಟ್ಟರು. ನೀರು ತಾನಾಗಿ ಅಂಗಳದ ಕೊಪ್ಪರಿಗೆಗೆ ಬಂದು ಬಿತ್ತು. ತೋಡಿಗೆ ಕಲ್ಲು ಮಣ್ಣಿನ ಕಟ್ಟ ಹಾಕಿದರು. ಮೋಟಾರಿಲ್ಲ, ಕರೆಂಟಿಲ್ಲ, ಉದ್ಘಾಟನೆಯಿಲ್ಲ. ಉದ್ಘಾಟನೆಯಿಲ್ಲದ ನೀರನ್ನು ಕುಡಿದೂ ಅವರು ಬದುಕಿದ್ದು ಇಲಾಖೆಗಳಿಗೆ ಇವತ್ತಿಗೂ ಅರ್ಥವಾಗಿಲ್ಲ.

80ರ ದಶಕದಲ್ಲಿ ಅಬ್ದುಲ್ ನಜೀರ್ ಸಾಬ್ ಎಂಬ ಮಂತ್ರಿ ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡರು. ಆ ಬೋರ್‌ವೆಲ್‌ಗಳ ಕೈಪಂಪಿನಲ್ಲಿ ಒಂದು ದೊಡ್ಡ ದೋಷವಿತ್ತು. ಹಿಡಿಕೆ ಒತ್ತಿದ ಕೂಡಲೇ ನೀರು ಉಂಟೋ ಇಲ್ಲವೋ ಊರಿಗೆಲ್ಲ ಗೊತ್ತಾಗುತ್ತಿತ್ತು. ಟ್ಯಾಂಕಿಗೆ ಆ ದೋಷವಿಲ್ಲ. ಒಳಗೆ ಏನಿದೆಯೆಂದು ಕೆಳಗೆ ನಿಂತವನಿಗೆ ಕಾಣುವುದಿಲ್ಲ, ಏಣಿಯ ಕೆಳಗಿನ ಮೆಟ್ಟಿಲುಗಳು ತುಕ್ಕು ಹಿಡಿದು ಉದುರಿರುವುದರಿಂದ ಹತ್ತಿ ನೋಡುವ ಹಾಗೂ ಇಲ್ಲ. ಆಮೇಲೆ ರಾಜೀವ್ ಗಾಂಧಿ ಮಿಷನ್, ಸ್ವಜಲಧಾರಾ, ಜಲಜೀವನ್. ಯೋಜನೆಯ ಹೆಸರು ಬದಲಾದ ಹಾಗೆ ಟ್ಯಾಂಕಿನ ಬಣ್ಣ ಬದಲಾಯಿತು.

ನಮ್ಮ ಕಡೆಯ ಯಾವುದಾದರೂ ಟ್ಯಾಂಕಿನ ಕೆಳಗೆ ಒಮ್ಮೆ ನಿಂತು ನೋಡಿ. ಹೊಟ್ಟೆಯಡಿ ಹೆಜ್ಜೇನು, ಕಾಲಿಗೆ ಪಾಚಿ, ಒಂದು ಕಾಲಿಗೆ ಯಾರದೋ ಎಮ್ಮೆ. ‘ಸ್ವಚ್ಛಗೊಳಿಸಿದ ದಿನಾಂಕ’ ಎಂದು ನೀಲಿ ಅಕ್ಷರದಲ್ಲಿ ಬರೆದಿರುತ್ತದೆ. ಎದುರಿನ ದಿನಾಂಕವನ್ನು ಮಳೆ ಸ್ವಚ್ಛಗೊಳಿಸಿರುತ್ತದೆ. ಪಕ್ಕದಲ್ಲಿ ಗ್ರಾನೈಟ್ ಫಲಕ. ಮಂತ್ರಿ, ಸಂಸದ, ಶಾಸಕ, ಅಧ್ಯಕ್ಷ, ಉಪಾಧ್ಯಕ್ಷ, ಘನ ಉಪಸ್ಥಿತಿ. ಹಳೆಯ ದಾನಶಾಸನಗಳ ಕೊನೆಗೆ, ಈ ದತ್ತಿ ಕೆಡಿಸಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಲಿ ಎಂಬ ಶಾಪ ಇರುತ್ತಿತ್ತು. ಈ ಶಾಸನದ ಕೊನೆಗೆ ಇರುವುದು ಅಂದಾಜು ಮೊತ್ತ. ಶಾಪ ಯಾರಿಗೆಂದು ಓದುಗರೇ ಊಹಿಸಿಕೊಳ್ಳಬೇಕು.

ಈಗಿನ ಜಲಜೀವನ್ ಯೋಜನೆ 2019ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಹೊರಟದ್ದು. 2024ರೊಳಗೆ ಹಳ್ಳಿಯ ಪ್ರತಿ ಮನೆಗೆ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್. ಗಡುವು ಈಗ 2028ಕ್ಕೆ ಹೋಗಿದೆ. ಸಂಪಾಜೆಗೆ ಬಂದು ಲೆಕ್ಕ ಹಾಕೋಣ. ಐದು ಜನರ ಮನೆಗೆ ವರ್ಷಕ್ಕೆ ಬೇಕಾದದ್ದು ಹತ್ತಿರಹತ್ತಿರ ಒಂದು ಲಕ್ಷ ಲೀಟರ್. ನಮ್ಮ ಮಳೆಯನ್ನು ಕಂಜೂಸಾಗಿ 3,000 ಮಿಲಿಮೀಟರ್ ಎಂದು ಹಿಡಿದರೂ ನೂರು ಚದರ ಮೀಟರಿನ ಹೆಂಚಿನ ಮಾಡಿನ ಮೇಲೆ ಬೀಳುವುದು ಮೂರು ಲಕ್ಷ ಲೀಟರ್. ಅದು ಚರಂಡಿಗೆ, ಚರಂಡಿಯಿಂದ ಪಯಸ್ವಿನಿಗೆ, ಪಯಸ್ವಿನಿಯಿಂದ ಕಾಸರಗೋಡು ದಾಟಿ ಚಂದ್ರಗಿರಿಯಾಗಿ ಸಮುದ್ರಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೆ ಬೇಡದ ನೀರು. ಏಪ್ರಿಲ್‌ನಲ್ಲಿ ನೀರಿಗಾಗಿ ಮನವಿ ಪತ್ರ.

ಹಾಗೆ ಬೇಡವೆಂದ ಮಳೆಗೇ 2018ರ ಆಗಸ್ಟ್‌ನಲ್ಲಿ ಮಡಿಕೇರಿ ರಸ್ತೆಯ ಜೋಡುಪಾಲದ ಗುಡ್ಡ ಜಾರಿ ಮನೆಗಳನ್ನೂ ಹೆದ್ದಾರಿಯನ್ನೂ ನುಂಗಿತು. 2022ರ ಜೂನ್‌ನಲ್ಲಿ ಚೆಂಬು, ಸಂಪಾಜೆ ಕಡೆ ಭೂಮಿ ಮತ್ತೆ ಮತ್ತೆ ನಡುಗಿತು. ಪಾತ್ರೆ ಉರುಳಿ ಜನ ಅಂಗಳಕ್ಕೆ ಓಡಿದರು. ಅಲುಗದೆ ನಿಂತದ್ದು ನೀರಿನ ಕಡತಗಳು ಮಾತ್ರ.

ಶಿಥಿಲವಾದ ಟ್ಯಾಂಕಿಗೊಂದು ವಿಶೇಷ ಭಾಗ್ಯವಿದೆ. ಅದನ್ನು ಸುಲಭಕ್ಕೆ ಕೆಡವುವುದಿಲ್ಲ. ಹೊಸದು ಕಟ್ಟುವುದಕ್ಕೆ ಅನುದಾನ ಉಂಟು, ಹಳೆಯದನ್ನು ಬೀಳಿಸುವುದಕ್ಕೆ ಲೆಕ್ಕಶೀರ್ಷಿಕೆ ಸಿಗುವುದು ಕಷ್ಟ. ಹಾಗಾಗಿ ಅಪ್ಪ-ಮಗನ ಹಾಗೆ ಎರಡೂ ಪಕ್ಕಪಕ್ಕ ನಿಲ್ಲುತ್ತವೆ. ‘ಅಪಾಯ, ಕೆಳಗೆ ನಿಲ್ಲಬೇಡಿ’ ಎಂದು ಅಪ್ಪನ ಮೈಮೇಲೆ ಬರೆದು, ಅದರ ಕೆಳಗೇ ಬಸ್ ಕಾಯುವವರಿಗೆ ಸಿಮೆಂಟ್ ಬೆಂಚು ಹಾಕಿದವರೂ ಉಂಟು.

ಮೊನ್ನೆ ನೀರು ಬಿಡುವ ಅಣ್ಣ ಸೈಕಲಿನಲ್ಲಿ ಎದುರಾದರು. “ನೀರು ಬಿಟ್ಟಿದ್ದೀರಾ ಅಣ್ಣ?” ಎಂದೆ.

“ಬೆಳಗ್ಗೆಯೇ ಬಿಟ್ಟಿದ್ದೇನೆ ಮಾರಾಯ್ರೆ. ಇನ್ನು ಬರಬೇಕಷ್ಟೆ.”