ನನ್ನನ್ನು ‘ನರದ ಪೌಡರ್’ ಅನ್ಬೇಡಿ ಮಾರಾಯ್ರೆ!

ಮಂಗಳೂರಿನ ಕಂಕನಾಡಿಯಿಂದ ಫಳ್ನೀರ್ ರಸ್ತೆ ಹಿಡಿದು ನಡೆದರೆ ಆಸ್ಪತ್ರೆ, ಲ್ಯಾಬ್, ಮೆಡಿಕಲ್, ಮತ್ತೆ ಆಸ್ಪತ್ರೆ. ಅಲ್ಲಿನ ಒಂದು ಮೆಡಿಕಲ್‌ನ ಕಪಾಟಿನಲ್ಲಿ ವಾಸವಾಗಿರುವ 60,000 ಯೂನಿಟ್‌ನ ವಿಟಮಿನ್ ಡಿ ಪೊಟ್ಟಣ ಈ ವಾರದ ನಮ್ಮ ಅತಿಥಿ. ತೂಕ ಒಂದು ಗ್ರಾಂ. ಹೊರಗೆ ಕೂತು ಮಾತಾಡೋಣ ಎಂದರೆ ಒಪ್ಪಲಿಲ್ಲ. ಬಿಸಿಲು ಆಗಿಬರುವುದಿಲ್ಲವಂತೆ.

ವಿಟಮಿನ್ ಡಿಗೇ ಬಿಸಿಲು ಆಗುವುದಿಲ್ಲವೇ?

ಮೈಮೇಲೆ ಬರೆದದ್ದು ಓದಿ. ಬೆಳಕು, ಶಾಖದಿಂದ ದೂರ ಇಡಬೇಕು ಅಂತ ಉಂಟು. ಫಳ್ನೀರಿನವರದ್ದೂ ಅದೇ ಕಥೆ ಅಲ್ವಾ? ಫ್ಲಾಟಿನಿಂದ ಲಿಫ್ಟು, ಲಿಫ್ಟಿನಿಂದ ಕಾರು, ಕಾರಿನಿಂದ ಆಫೀಸಿನ ಬೇಸ್‌ಮೆಂಟು. ನಾನಾದ್ರೂ ಔಷಧಿ, ಹಾಳಾಗ್ತೇನೆ ಅಂತ ಹೆದರಿಕೆ. ಅವರಿಗೆ ಎಂತ ಆಗ್ತದೆ?

ಕಾರಿನ ಗಾಜಿನಿಂದ ಬಿಸಿಲು ಬೀಳುತ್ತದಲ್ಲ?

ಸೆಕೆ ಬರ್ತದೆ, ಡಿ ಬರುದಿಲ್ಲ. ಚರ್ಮದಲ್ಲಿ ಡಿ ತಯಾರಾಗ್ಲಿಕ್ಕೆ ಯುವಿ-ಬಿ ಕಿರಣ ಬೇಕು. ಅದು ಗಾಜು ದಾಟುದಿಲ್ಲ. ಇನ್ನು ಕೆಲವರು ಬೆಳಿಗ್ಗೆ ಆರಕ್ಕೆ ಕದ್ರಿ ಪಾರ್ಕಿಗೆ ಹೋಗಿ, ತುಂಬುತೋಳಿನ ಟೀಶರ್ಟ್ ಹಾಕಿ, ‘ಎಳೆಬಿಸಿಲು ತಗೊಂಡೆ’ ಅಂತಾರೆ. ವಾಕಿಂಗ್ ಒಳ್ಳೆಯದೇ, ಬೇಡ ಅನ್ನುದಿಲ್ಲ. ಆದ್ರೆ ಆ ಹೊತ್ತಿನ ಓರೆ ಬಿಸಿಲಲ್ಲಿ ಯುವಿ-ಬಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡ ಆದ ಮೇಲೆ ಕೈಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ತಾಗಿದ್ರೆ ಆಗ ಅದು ಲೆಕ್ಕ. ಆ ಹೊತ್ತಿಗೆ ಎಲ್ಲರೂ ಎಸಿಯಲ್ಲಿ.

ನಿಮ್ಮ ಹುಟ್ಟೂರು?

ಮೆಲ್ಲಗೆ ಕೇಳಿ. ಪಕ್ಕದ ಕಪಾಟಿನಲ್ಲಿ ಶುದ್ಧ ಸಸ್ಯಾಹಾರಿಗಳ ಪ್ರೋಟೀನ್ ಡಬ್ಬಿ ಉಂಟು. ನಮ್ಮ ಮನೆತನದ ಹೆಚ್ಚಿನವರು ಕುರಿಯ ಉಣ್ಣೆಯ ಜಿಡ್ಡಿನಿಂದ ಬಂದವರು. ಆ ಜಿಡ್ಡಿನಿಂದ ತೆಗೆದ ಸತ್ವಕ್ಕೆ ಫ್ಯಾಕ್ಟರಿಯಲ್ಲಿ ಲ್ಯಾಂಪಿನ ಬೆಳಕು ಬಿಟ್ಟು ನನ್ನನ್ನು ಮಾಡುದು. ಕುರಿಯ ಜಿಡ್ಡಿಗೆ ಕರೆಂಟು ಉರಿಸಿ ಬಿಸಿಲು ಕಾಯಿಸ್ತಾರೆ. ಮನುಷ್ಯರ ಚರ್ಮಕ್ಕೆ ಹೊರಗೆ ಫ್ರೀ ಉಂಟು, ಅದು ಬೇಡ.

ಮಳೆಗಾಲದಲ್ಲಿ ಫ್ರೀ ಎಲ್ಲಿದೆ?

ಅದು ನ್ಯಾಯದ ಪ್ರಶ್ನೆ. ಜೂನ್‌ನಿಂದ ನಾಲ್ಕು ತಿಂಗಳು ಇಲ್ಲಿ ಸೂರ್ಯ ಗೆಸ್ಟ್ ಲೆಕ್ಚರರ್. ಬೂತಾಯಿ, ಬಂಗುಡೆಯಲ್ಲಿ ನಮ್ಮವರು ಸ್ವಲ್ಪ ಇದ್ದಾರೆ. ಆದ್ರೆ ಟ್ರಾಲ್ ಬೋಟಿಗೆ ಜೂನ್, ಜುಲೈ ರಜೆ. ಆಗ ಬೂತಾಯಿಯ ರೇಟು ಕೇಳಿದ್ರೆ ನಾನೇ ಚೀಪು ಅನ್ನಿಸ್ತದೆ.

ಈಗ ಮುಖ್ಯ ವಿಷಯ. ನಿಮ್ಮಿಂದ ನರ ಗಟ್ಟಿಯಾಗುತ್ತದಂತೆ?

ಯಾರು ಹೇಳಿದ್ದು? ವಾಟ್ಸಾಪ್ ಅಣ್ಣನಾ? ನೋಡಿ, ಪೂರಾ ಸುಳ್ಳು ಅಂತಲೂ ಹೇಳ್ಲಿಕ್ಕೆ ಆಗುದಿಲ್ಲ. ನರಕೋಶಗಳಲ್ಲಿ ನನಗೆ ಬಾಗಿಲು ತೆರೆಯುವ ರಿಸೆಪ್ಟರ್ ಉಂಟು. ನರ ಬೆಳೆಸುವ ಪ್ರೋಟೀನು ನನ್ನಿಂದ ಹೆಚ್ಚಾಗುದನ್ನು ಪ್ರಾಣಿಗಳಲ್ಲಿ ನೋಡಿದ್ದಾರೆ. ಸಕ್ಕರೆ ಕಾಯಿಲೆಯಿಂದ ಕಾಲು ಉರಿಯುವವರಲ್ಲಿ ನನ್ನ ಪ್ರಮಾಣ ಕಡಿಮೆ ಇರುದೂ ಕಂಡಿದೆ. ಆದ್ರೆ ಕಡಿಮೆ ಇದ್ದದ್ದಕ್ಕೆ ನರ ಹಾಳಾಯ್ತಾ, ಇಲ್ಲ ಕಾಲುನೋವು ಅಂತ ಮನೆಯಲ್ಲೇ ಕೂತದ್ದಕ್ಕೆ ನಾನು ಕಡಿಮೆಯಾದೆನಾ? ಇದಕ್ಕೆ ಗಟ್ಟಿ ಉತ್ತರ ಇನ್ನೂ ಸಿಕ್ಕಿಲ್ಲ. ನನ್ನ ಖಾಯಂ ಕೆಲಸ ಕರುಳಿನಿಂದ ಕ್ಯಾಲ್ಸಿಯಂ ಎಳೆಯುದು, ಮೂಳೆ ನೋಡಿಕೊಳ್ಳುದು. ನರದ ಕಡೆ ನಾನು ಡೆಪ್ಯುಟೇಶನ್.

ಹಾಗಾದರೆ ಕಾಲು ಜೋಮು ಹಿಡಿಯುವವರು ಯಾರನ್ನು ಕೇಳಬೇಕು?

ಮೊದಲು ಶುಗರ್. ಆಮೇಲೆ ಬಿ12. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿನ್ನುವವರಲ್ಲಿ ಬಿ12 ಇಳೀತದೆ, ಮೀನು-ಮೊಟ್ಟೆ-ಹಾಲು ಮುಟ್ಟದವರಲ್ಲೂ ಇಳೀತದೆ. ಥೈರಾಯ್ಡ್ ಇರಬಹುದು, ಸಂಜೆಯ ‘ಗುಂಡು’ ಇರಬಹುದು. ನರಕ್ಕೆ ಅಂತ ಚೀಟಿ ಇಲ್ಲದೆ ತಗೊಳ್ಳುವ ಕೆಂಪು ಕ್ಯಾಪ್ಸೂಲಿನ ಬಿ6 ಉಂಟಲ್ಲ, ಅದು ತಿಂಗಳುಗಟ್ಟಲೆ ಅತಿಯಾದ್ರೆ ಅದೇ ನರ ಕೆಡಿಸ್ತದೆ! ಆ ಕ್ಯಾಪ್ಸೂಲಿನ ಜೊತೆ ಒಂದೇ ಕವರಿನಲ್ಲಿ ಹೋಗ್ಲಿಕ್ಕೆ ನನಗೆ ನಾಚಿಕೆ.

ಮತ್ತೊಂದು ಕಾಯಿಲೆಯ ಹೆಸರು ಹೇಳಿದ್ರೆ ಅಪಾರ್ಟ್‌ಮೆಂಟಿನವರು ಸಿಟ್ಟಾಗ್ತಾರೆ. ಇಲ್ಲೇ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಆಲದ ಮರದಡಿ ಹೋಮಿಯೋಪತಿ ಔಷಧಿ ಕೊಡ್ಲಿಕ್ಕೆ ಶುರು ಮಾಡಿದವರು, 1890ರಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆ ತೆರೆದ್ರು. ಕುಷ್ಠ ಅಂದ್ರೆ ಬರೀ ಚರ್ಮದ ರೋಗ ಅಂತ ಜನ ತಿಳ್ಕೊಂಡಿದ್ದಾರೆ. ಅದು ನರಕ್ಕೂ ನುಗ್ಗುವ ರೋಗ. ಸ್ಪರ್ಶವೇ ತಿಳಿಯದ ಮಚ್ಚೆ ಇದ್ದವನು ವಾರ ವಾರ ನನ್ನನ್ನು ಹಾಲಿಗೆ ಹಾಕಿ ಕುಡಿದು ಕಾಯ್ತಾ ಕೂತರೆ ಬೆರಳು ಹೋಗ್ತದೆ. ಅದರ ಮಾತ್ರೆ ಸರಕಾರಿ ಆಸ್ಪತ್ರೆಯಲ್ಲಿ ಧರ್ಮಕ್ಕೆ ಸಿಗ್ತದೆ. ಆ ಮಾತ್ರೆಗೆ ನನ್ನ ಹಾಗೆ ಕಿತ್ತಳೆ ಪರಿಮಳ ಇಲ್ಲ, ಜಾಹೀರಾತೂ ಇಲ್ಲ, ಪಾಪ.

ನಿಮ್ಮನ್ನು ಹೆಚ್ಚು ತಿಂದರೆ ತೊಂದರೆ ಏನು? ವಿಟಮಿನ್ ತಾನೇ?

‘ವಿಟಮಿನ್ ತಾನೇ’ ಅನ್ನುವ ಮಾತು ಕೇಳಿ ಕೇಳಿ ಬೊಡಿಯಿತು. ಒಂದು ಗ್ರಾಂ ಪೊಟ್ಟಣದಲ್ಲಿ ಅಸಲು ನಾನು ಒಂದೂವರೆ ಮಿಲಿಗ್ರಾಂ ಮಾತ್ರ. ಉಳಿದದ್ದು ರುಚಿಗೆ, ಗಾತ್ರಕ್ಕೆ. ದಿನಕ್ಕೆ 600 ಯೂನಿಟ್ ಅಂತ ಹಿಡಿದ್ರೆ ನಾನೊಬ್ಬ ನೂರು ದಿನದ ರೇಷನ್. ಕೊರತೆ ಇದ್ದವರಿಗೆ ಡಾಕ್ಟ್ರು ಸಾಮಾನ್ಯವಾಗಿ ಬರೆಯುದು ವಾರಕ್ಕೊಂದು, ಅದೂ ಕೆಲವು ವಾರ. ಕೆಲವರು ಅದನ್ನು ದಿನಕ್ಕೊಂದು ಅಂತ ಓದ್ತಾರೆ. ಬಿ, ಸಿಗಳೆಲ್ಲ ಹೆಚ್ಚಾದ್ರೆ ಬಹುಮಟ್ಟಿಗೆ ಮೂತ್ರದಲ್ಲಿ ಹೋಗ್ತಾರೆ. ನಾನು ಕೊಬ್ಬಿನಲ್ಲಿ ಬಿಡಾರ ಹೂಡುವವ, ಸುಲಭದಲ್ಲಿ ಏಳುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಕಿಡ್ನಿಗೆ ಪೆಟ್ಟು, ಕೊನೆಗೆ ತಲೆಯೂ ಮಂಕು. ನರಕ್ಕೆ ಅಂತ ತಂದು ಕಿಡ್ನಿ ಡಾಕ್ಟ್ರ ಟೋಕನ್ ತೆಗೆಯುದು. ಫಳ್ನೀರಿನಲ್ಲಿ ಅದಕ್ಕೂ ದೂರ ಹೋಗ್ಲಿಕ್ಕಿಲ್ಲ, ಅದೊಂದು ಅನುಕೂಲ.

ಓದುಗರಿಗೆ ಏನಾದರೂ ಸಂದೇಶ?

ಸಂದೇಶ ಗಿಂದೇಶ ಎಂತದೂ ಇಲ್ಲ. ತಡೀರಿ, ಗಿರಾಕಿ ಬಂದ್ರು. ಕಾಲು ಉರಿ ಅಂತೆ, ಚೀಟಿ ಇಲ್ವಂತೆ. ಎಷ್ಟು ಕೇಳ್ತಿದ್ದಾರೆ? ಮೂವತ್ತಾ? ಮೂವತ್ತು ದಿನಕ್ಕಾ, ಮೂವತ್ತು ವಾರಕ್ಕಾ, ಕೇಳಿ ಮಾರಾಯ್ರೆ! ಏ ಅಣ್ಣಾ, ಕವರಿಗೆ ಹಾಕ್ಬೇಡಿ, ಮೊದಲು ಕೇಳಿ—