ಹೆಮ್ಮಾಡಿ ಸೀಮೆಯ ಪಾಲಿಮರ್ ಪುತ್ಥಳಿಗಳ ಪಾಕ ಮೀಮಾಂಸೆ: ಒಂದು ಬಹುಶಿಸ್ತೀಯ ಅನುಸಂಧಾನ

1. ಪ್ರಸ್ತಾವನೆ

ಪ್ರಸ್ತುತ ಅಧ್ಯಯನದ ವ್ಯಾಪ್ತಿಯು ಹೆಮ್ಮಾಡಿಯಲ್ಲಿ ಕೊಲ್ಲೂರಿಗೆ ತಿರುಗುವ ಮಾರ್ಗದಿಂದ ಉಪ್ಪಿನಕುದ್ರುವಿನ ಹೊಳೆಯವರೆಗೆ. ಅಧ್ಯಯನ ವಸ್ತು: ಅಡುಗೆಮನೆಯ ಮೂಲೆಯ ಒಟಿಜಿ ಎಂಬ ಸಣ್ಣ ಕರೆಂಟ್ ಒಲೆಯಲ್ಲಿ ಬೇಯುವ ಒಂದು ಯಕ್ಷಗಾನ ಗೊಂಬೆ. ಇದನ್ನು ಇನ್ನು ಮುಂದೆ ‘ಪಠ್ಯ’ ಎನ್ನಲಾಗುವುದು.

ಇಂಥ ಪ್ರಬಂಧದ ಎರಡನೆಯ ಪ್ಯಾರಾದಲ್ಲಿ ಒಂದಾದರೂ ಪಾಶ್ಚಾತ್ಯ ಹೆಸರು ಬರತಕ್ಕದ್ದು. ಜರ್ಮನಿಯ ಗೊಂಬೆಗಾರ್ತಿ ಕ್ಯಾಥೆ ಕ್ರೂಸೆಯ ಮಗಳು ಸೋಫಿ, ಮನೆಯಲ್ಲಿ ಫಿಫಿ. ಆಕೆ ರೂಪಿಸಿದ ಪಾಲಿಮರ್ ಮಣ್ಣಿನ ಮಿಶ್ರಣವನ್ನು 1964ರಲ್ಲಿ ಏಬರ್‌ಹಾರ್ಡ್ ಫೇಬರ್ ಕಂಪನಿ ಕೊಂಡು ‘ಫಿಮೋ’ ಎಂದು ಮಾರಿತು. ಅದಕ್ಕೂ ಮೊದಲು, 1865ರಲ್ಲಿ, ಬಾಸೆಲ್ ಮಿಶನ್ನಿನ ಜರ್ಮನರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಿದ್ದರು. ನಮ್ಮ ಮಾಡಿನ ಹಂಚಿಗೂ ಗೊಂಬೆಯ ಮಣ್ಣಿಗೂ ಒಂದೇ ದೇಶದ ನಂಟು ಎಂದಾಯಿತು. ವಸಾಹತೋತ್ತರ ಅಧ್ಯಾಯ ಇಲ್ಲಿಗೆ ಸಂಪೂರ್ಣ.

2. ದ್ರವ್ಯ ಪ್ರಕರಣ

ಮೃತ್ತಿಕೆಗಳು ಐದು ವಿಧ.

ಅ) ಆರ್ದ್ರ ಮೃತ್ತಿಕೆ. ಕುಂಬಾರರದು. ಆವೆ ಬೇಕು, ಒಟಿಜಿಯ ಬಿಸಿ ಅದಕ್ಕೆ ಜ್ವರದಷ್ಟೂ ಅಲ್ಲ.

ಆ) ಸ್ವಯಂಶುಷ್ಕ ಮೃತ್ತಿಕೆ. ಗಾಳಿಗೆ ತಾನೇ ಒಣಗುತ್ತದೆ ಎಂದು ಪೊಟ್ಟಣದ ಮೇಲಿದೆ. ಬರೆದವರು ನಮ್ಮ ಆಸಾಡಿ ತಿಂಗಳನ್ನು ಕಂಡವರಲ್ಲ. ಇಲ್ಲಿ ತಂತಿಯ ಮೇಲಿನ ಬೈರಾಸೇ ಒಣಗುವುದಿಲ್ಲ, ಗೊಂಬೆಗೆ ಬೂಷ್ಟು ಬರುತ್ತದೆ.

ಇ) ಪಾಲಿಮರ್ ಮೃತ್ತಿಕೆ. ಪಿವಿಸಿ ಪುಡಿ, ಅದನ್ನು ಮೆತ್ತಗಿಡುವ ಪ್ಲಾಸ್ಟಿಸೈಸರ್ ಎಣ್ಣೆ, ಬಣ್ಣ. ಒಂದು ಕಾರ್ಯಾಗಾರದಲ್ಲಿ ಸಂಪನ್ಮೂಲ ವ್ಯಕ್ತಿಗಳೊಬ್ಬರು ಈ ಮುದ್ದೆಯನ್ನು ಮೂಗಿಗೆ ಹಿಡಿದು ‘ನೆಲಮೂಲ ಸಂವೇದನೆ’ಯ ಕುರಿತು ಊಟದ ಹೊತ್ತಿನವರೆಗೆ ಮಾತಾಡಿದ್ದರು. ಅವರು ಮೂಸಿದ್ದು ನೀರಿನ ಪೈಪಿನ ಒಡಹುಟ್ಟನ್ನು.

ಈ), ಉ) ಐದು ಎಂಬ ಸಂಖ್ಯೆಯ ಗಾಂಭೀರ್ಯಕ್ಕಾಗಿ ಸೇರಿಸಿದ್ದವು. ಕೈಬಿಡಲಾಗಿದೆ.

ನಮ್ಮ ಸೆಖೆಗೆ ಪಾಲಿಮರ್ ಮಣ್ಣು ನಾದುವ ಮೊದಲೇ ಅಂಟಂಟಾಗುತ್ತದೆ. ಆಗ ಅದನ್ನು ಬಿಳಿ ಹಾಳೆಗಳ ನಡುವೆ ಒತ್ತಿಟ್ಟರೆ ಹೆಚ್ಚಿನ ಎಣ್ಣೆಯನ್ನು ಹಾಳೆ ಹೀರುತ್ತದೆ. (ಸೈದ್ಧಾಂತಿಕವಾಗಿ: ‘ದ್ರವ್ಯದ ಅತಿರೇಕದ ನಿರಸನ’.) ಬಿಳಿ, ಹಳದಿಗಳನ್ನು ಮೊದಲು ನಾದಬೇಕು, ಕೆಂಪು, ಕಪ್ಪನ್ನು ಕಡೆಗೆ, ತಪ್ಪಿದರೆ ರಾಜವೇಷದ ಮುಖಕ್ಕೆ ಮಸಿ. ಉಳಿದ ಮುದ್ದೆಯನ್ನು ಗಡುಸು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಎಣ್ಣೆ ಡಬ್ಬಿಯನ್ನೇ ತಿನ್ನಬಹುದು.

3. ಪಾಕ ಪ್ರಕರಣ

‘ಪಠ್ಯ’ದ ಕೇಂದ್ರ ಸಮಸ್ಯೆ ಮುಂಡಾಸು. ಅದು ದಪ್ಪ, ಬೆರಳುಗಳು ತೆಳು. ಎರಡಕ್ಕೂ ಒಂದೇ ಬೆಂಕಿ. ಸ್ಕಲ್ಪಿ ಎಂಬ ಇನ್ನೊಂದು ಪಾಲಿಮರ್ ಮಣ್ಣಿನ ಲೆಕ್ಕದಲ್ಲಿ 6 ಮಿಲಿಮೀಟರ್ ದಪ್ಪಕ್ಕೆ 130 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ. ಫಿಮೋಗೆ 110 ಡಿಗ್ರಿ ಸಾಕು. ದಪ್ಪ ಹೆಚ್ಚಿದಷ್ಟೂ ಹೊತ್ತು ಹೆಚ್ಚು, ಆದ್ದರಿಂದ ಮುಂಡಾಸಿನೊಳಗೆ ಅಲ್ಯೂಮಿನಿಯಂ ಹಾಳೆಯ ಉಂಡೆ ಕಟ್ಟಿ, ಮೇಲೆ ಮಣ್ಣನ್ನು ತೆಳ್ಳಗೆ ಹೊದೆಸುವುದು. ದುಂಡಗಿನ ತಲೆಯೊಳಗೆ ಬರೀ ಹಾಳೆ: ಈ ಶೋಧ ಸಂಕಿರಣಗಳಲ್ಲಿ ಮೊದಲೇ ಆಗಿತ್ತು.

ಒಟಿಜಿಯ ಗುಂಡಿಯ ಮೇಲಿನ ಅಂಕಿಯನ್ನು ನಂಬಬಾರದು. ಒಳಗೊಂದು ಬೇರೆ ಥರ್ಮಾಮೀಟರ್ ಇಡಬೇಕು. ಮಳೆಗಾಲದಲ್ಲಿ ವೋಲ್ಟೇಜು ಇಳಿದರೆ ಬಿಸಿಯೂ ಇಳಿಯುತ್ತದೆ. ಅರೆಬೆಂದ ಗೊಂಬೆ ನೋಡಲಿಕ್ಕೆ ಚಂದ, ಮುಟ್ಟಿದರೆ ಮುರಿಯುತ್ತದೆ. ಅಡಿಗೆ ಒಂದು ಹಂಚಿನ ತುಂಡು ಇಟ್ಟರೆ ಬಿಸಿ ಏರಿಳಿಯದೆ ನಿಲ್ಲುತ್ತದೆ. ಬಿಸಿ ಮಿತಿಮೀರಿದರೆ ಪಿವಿಸಿ ವಿಘಟನೆಯಾಗಿ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ: ಆಗ ಒಟಿಜಿ ಆರಿಸಿ, ಕಿಟಕಿ ತೆರೆದು ಹೊರಗೆ ನಡೆಯುವುದು. ಆ ಒಟಿಜಿಯಲ್ಲಿ ತಿನ್ನುವ ವಸ್ತು ಬೇಯಿಸದಿರುವುದು.

ಗೊಂಬೆಯ ಕೊರಳಿಗೆ ಹೆಮ್ಮಾಡಿ ಸೇವಂತಿಗೆಯ ಮಾಲೆ ಬೇಕೇ ಬೇಕು. ಮಕರ ಸಂಕ್ರಮಣದ ಹೊತ್ತಿಗೆ ಮಾರಣಕಟ್ಟೆ ಬ್ರಹ್ಮಲಿಂಗೇಶ್ವರನ ಜಾತ್ರೆಗೆ ಹೋಗುವ ಆ ಸಣ್ಣ ಹಳದಿ ಹೂವಿನ ಒಂದೊಂದು ಎಸಳನ್ನೂ ಸೂಜಿಮೊನೆಯಲ್ಲಿ ಎತ್ತಿ ಕೂರಿಸಬೇಕು. ತಿಳಿಬಣ್ಣಗಳು ಬೇಗ ಕಂದುತ್ತವೆ, ಈ ಹಳದಿಯೂ. ಬೇಯಿಸುವಾಗ ಅದರ ಮೇಲೆ ಅಲ್ಯೂಮಿನಿಯಂ ಹಾಳೆಯ ಮರೆ ಕಟ್ಟಬೇಕು.

4. ಸ್ವೀಕಾರ ಸಿದ್ಧಾಂತ

ಸಹೃದಯರು ನಾಲ್ಕು ವಿಧ ಎಂದು ಬರೆಯಲು ಹೊರಟಿದ್ದೆ. ಒಂದೇ ವಿಧ. ಸಂತೆಯಲ್ಲಿ ಗೊಂಬೆ ತಿರುಗಿಸಿ ನೋಡಿ, “ಇಷ್ಟ್ ಸಣ್ಣ್ ಗೊಂಬಿಗ್ ಇಷ್ಟಾ? ಬರೀ ಪ್ಲಾಸ್ಟಿಕ್ ಅಲ್ದಾ ಮಾರಾಯ್ತಿ” ಎನ್ನುವವರು. ಮಾತು ಸುಳ್ಳಲ್ಲ. ಪ್ಲಾಸ್ಟಿಕ್ಕೇ. ಆದರೆ ಆ ಎಸಳುಗಳು ತಾವಾಗಿ ಹತ್ತಿ ಕೂತವಲ್ಲ.

ಇವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೇಳಿದ್ದು ರೇಟು. ಸಿಟ್ಟು ವೇದಿಕೆಯಲ್ಲಿ ಕೂತವರ ಮೇಲೆ. ಉಪ್ಪಿನಕುದ್ರುವಿನ ಸೂತ್ರದ ಗೊಂಬೆಗಳನ್ನು ಕುಣಿಸಿದ ಕೊಗ್ಗ ಕಾಮತರಿಗೆ 1980ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂದದ್ದನ್ನು ಹೇಳಿ ‘ಇದು ಗೊಂಬೆಗಳ ಸೀಮೆ’ ಎಂದು ಭಾಷಣ ಶುರುಮಾಡುತ್ತಾರೆ. ಕೈಕಸುಬು, ದೇಸಿ, ಸ್ತ್ರೀ ಸಬಲೀಕರಣ ಎಲ್ಲ ಬರುತ್ತದೆ. ಕಡೆಗೆ ಗೊಂಬೆಯ ಕುರಿತು ಮಾತಾಡಿದವರಿಗೆ ಲಕೋಟೆ, ಗೊಂಬೆ ಮಾಡಿದವಳಿಗೆ ಚಪ್ಪಾಳೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅವಳ ಗೊಂಬೆಯನ್ನೇ ಎತ್ತಿ ಮುಖ್ಯ ಅತಿಥಿಗೆ ನೆನಪಿನ ಕಾಣಿಕೆ ಕೊಟ್ಟು, “ನಿಮಗೆ ಒಳ್ಳೆ ಪ್ರಚಾರ ಆಯ್ತಲ್ಲ ಅಕ್ಕ” ಎನ್ನುತ್ತಾರೆ. ಆಮದು ಮಣ್ಣಿನ ದುಡ್ಡು ಯಾರು ಕೊಟ್ಟದ್ದು? ರಾತ್ರಿ ಪಾತ್ರೆ ತೊಳೆದಾದ ಮೇಲೆ ಕಣ್ಣು ಕಿರಿದು ಮಾಡಿ ಕೂತದ್ದು ಯಾರು? ಎಷ್ಟೋ ಹೆಂಗಸರು ಹೀಗೆಯೇ ಒಟಿಜಿಯನ್ನು ಅಟ್ಟಕ್ಕೆ ಹಾಕುತ್ತಾರೆ. ಮರುವರ್ಷ ಅದೇ ವೇದಿಕೆಯಲ್ಲಿ ‘ಕಣ್ಮರೆಯಾಗುತ್ತಿರುವ ಕರಕುಶಲ ಕಲೆಗಳು’ ಎಂಬ ಗೋಷ್ಠಿ, ಮತ್ತೆ ಲಕೋಟೆ.

5. ಫಲಿತಾಂಶ

ಮುಂದಿನ ಸಂಕಿರಣಕ್ಕೆ ಗೊಂಬೆ ಬೇಕಾದರೆ ದುಡ್ಡು ಮೊದಲು ಕೊಡಿ, ಶಾಲು ಆಮೇಲೆ ಹೊದೆಸಿ. ಕರೆಂಟ್ ಬಿಲ್ಲಿಗೆ ಸೈದ್ಧಾಂತಿಕ ಆಯಾಮವಿಲ್ಲ. ಕಟ್ಟಲು ಕಡೆಯ ದಿನಾಂಕ ಇದೆ.