ಸರ್ವರ್ ಮಹಾಶಯರಿಗೆ ತೊಟ್ಟೆಯ ಪರವಾಗಿ ಒಂದು ಪತ್ರ

ಮಾನ್ಯ ಆಸ್ಪತ್ರೆ ಸರ್ವರ್ ಮಹಾಶಯರೇ,

ತಮ್ಮ ಹೆಸರು ಬಡಿಸುವವರದ್ದು, ಕೂತಿರುವುದು ಮಾತ್ರ ಪಂಕ್ತಿಯ ಮೊದಲ ಎಲೆಗೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹೊರರೋಗಿಗಳ ಸಾಲು ನಿಮಗೆ ಬಡಿಸಿ ಮುಗಿಯಲೆಂದು ಕಾಯುತ್ತಿದೆ. 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಕ್ಕೆಲ್ಲ ಬಂದಾಗ ಕೊಟ್ಟ ಮಾತು ಒಳ್ಳೆಯದೇ: ರೋಗಿಗೆ 14 ಅಂಕಿಯ ಆಭಾ ಸಂಖ್ಯೆ, ಹೋದಲ್ಲೆಲ್ಲ ಹಿಂದೆ ಬರುವ ದಾಖಲೆ. ಆದರೆ ನಿಮಗೆ ಉಣ್ಣಿಸುವ ಹೊತ್ತು ಯಾರ ಪಾಲಿನದು? 2017ರಲ್ಲಿ ಬಿಎಂಜೆ ಓಪನ್ ಪತ್ರಿಕೆ ಪ್ರಕಟಿಸಿದ 67 ದೇಶಗಳ ಅಧ್ಯಯನದಲ್ಲಿ, ಭಾರತದ ಪ್ರಾಥಮಿಕ ಚಿಕಿತ್ಸೆಯ ವೈದ್ಯರು ಒಬ್ಬ ರೋಗಿಗೆ ಕೊಡುವುದು ಹೆಚ್ಚುಕಮ್ಮಿ 2 ನಿಮಿಷ. ಅಜ್ಜಿ ತುಳುವಿನಲ್ಲಿ ‘ಬಂಜಿಬೇನೆ’, ಅಂದರೆ ಹೊಟ್ಟೆನೋವು, ಎಂದು ಶುರುಮಾಡಿ, ನೋವು ಊಟಕ್ಕೆ ಮೊದಲೋ ಆಮೇಲೋ ಎನ್ನುವಷ್ಟರಲ್ಲಿ ಆ ಹೊತ್ತು ಖರ್ಚಾಗಿರುತ್ತದೆ. ನೀವು ಕೇಳುವುದು ಇಂಗ್ಲಿಷ್ ಪಟ್ಟಿಯೊಳಗಿನ ಒಂದು ಕಾಯಿಲೆ, ಮತ್ತು ಓಟಿಪಿ. ಓಟಿಪಿ ಬರುವುದು ಮಗನ ಮೊಬೈಲಿಗೆ, ಮಗ ದುಬೈಯಲ್ಲಿ. ಸಾಲು ಇಷ್ಟು ಉದ್ದವಿಲ್ಲದ ಅಮೆರಿಕದಲ್ಲೇ, 2016ರ ಒಂದು ಅಧ್ಯಯನದಂತೆ, ವೈದ್ಯರು ರೋಗಿಯ ಜೊತೆ ಕಳೆದ ಗಂಟೆಯೊಂದಕ್ಕೆ ಸುಮಾರು 2 ಗಂಟೆ ಕಂಪ್ಯೂಟರಿಗೂ ಕಾಗದಕ್ಕೂ ಹೋಗುತ್ತದೆ.

ನಿಮಗಿಂತ ಹಿರಿಯ ದಾಖಲೆ ನಮ್ಮಲ್ಲಿದೆ, ತೊಟ್ಟೆ. ಜವಳಿ ಅಂಗಡಿಯ ಪ್ಲಾಸ್ಟಿಕ್ ತೊಟ್ಟೆ. ಒಳಗೆ ಮಡಿಕೆಯಲ್ಲೇ ಹರಿದ ಓಪಿ ಚೀಟಿ, ಶುಗರ್ ರಿಪೋರ್ಟು, ಎರಡು ಗುಳಿಗೆ ಉಳಿದ ಸ್ಟ್ರಿಪ್ಪು. ಕರೆಂಟು ಹೋದರೂ ತೆರೆದುಕೊಳ್ಳುತ್ತದೆ, ಆಟಿಯ ಮಳೆಗೂ ಜಗ್ಗುವುದಿಲ್ಲ. ಚೀಟಿ ಕಳೆಯುತ್ತದೆ, ಅಕ್ಷರ ಓದಲಾಗದು, ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಕಳಿಸಿದರೆ ಅಲ್ಲಿ ಕಥೆ ಮತ್ತೆ ಒಂದರಿಂದ ಎಂದು ನಿಮ್ಮ ಕಡೆಯವರು ಹೇಳಬಹುದು. ನಿಜವೇ. ದಾಖಲೆ ಇರುವುದು ಮುಂದಿನವರು ಓದಲೆಂದಾದರೆ ನಿಮ್ಮ ಲೆಕ್ಕವೂ ಹಾಗೇ ಇರಲಿ: ಇವತ್ತು ಎಷ್ಟು ಎಂಟ್ರಿ ಆಯಿತು ಎಂಬುದನ್ನು ಬಿಟ್ಟು, ಮುಂದಿನ ವೈದ್ಯರು ಎಷ್ಟನ್ನು ತೆರೆದು ಓದಿದರು ಎಂದು ಎಣಿಸಿ. ಮೂಡುಬಿದಿರೆಯ ಬಸದಿಯಲ್ಲಿ ಧವಳಾ ಎಂಬ ಜೈನ ಗ್ರಂಥದ ತಾಳೆಗರಿಗಳು ಶತಮಾನಗಳ ಕಾಲ ಜೋಪಾನವಾಗಿದ್ದವು; ಬಂದವರಿಗೆ ಬಹುಮಟ್ಟಿಗೆ ದರ್ಶನವಷ್ಟೇ ಸಿಗುತ್ತಿತ್ತು, ಓದು ಸಿಗುತ್ತಿರಲಿಲ್ಲ. ಮೊದಲ ಸಂಪುಟ ಅಚ್ಚಾಗಲು 1939 ಬರಬೇಕಾಯಿತು. ಶಾಸ್ತ್ರಗ್ರಂಥ ಕಾದೀತು, ಪೆನ್ಸಿಲಿನ್ ಅಲರ್ಜಿ ಕಾಯುವುದಿಲ್ಲ.

ಹೊಸ ಡಾಕ್ಟರುಗಳ ಬೆರಳು ಚುರುಕು, ಅಭ್ಯಾಸವಾದರೆ ಸರಿಹೋಗುತ್ತದೆ ಎಂಬ ಸಮಾಧಾನವೂ ಉಂಟು. ಬೆರಳು ಎಷ್ಟೇ ಓಡಲಿ, ಕಣ್ಣು ಇರುವುದು ಪರದೆಯ ಮೇಲೆ. ಹಾಗಾಗಿ ಹೆಸರು, ವಿಳಾಸ ಕೌಂಟರಿನಲ್ಲೇ ಮುಗಿಯಲಿ. ಬಿಪಿ, ಶುಗರ್ ನರ್ಸಮ್ಮ ಬರೆಯಲಿ. ಡಾಕ್ಟರಿಗೆ ಉಳಿಯುವುದು ಇವತ್ತು ಬದಲಾದದ್ದು ಮಾತ್ರ. ಚಾರ್ಮಾಡಿ ಘಾಟಿಯ ಬುಡದಲ್ಲಿ ನೆಟ್‌ವರ್ಕ್ ಇಲ್ಲದ ಹೊತ್ತಿಗೂ ಬರೆದದ್ದು ಉಳಿದು, ಸಿಗ್ನಲ್ ಬಂದಾಗ ತಾನೇ ನಿಮ್ಮನ್ನು ಸೇರಲಿ. ಆಭಾ ಕಡ್ಡಾಯವಲ್ಲ ಎಂಬುದು ಕೌಂಟರಿನವರಿಗೂ ನೆನಪಿರಲಿ. ಕೊನೆಗೆ ಕನ್ನಡದಲ್ಲಿ ನಾಲ್ಕು ಸಾಲಿನ ಒಂದು ಪ್ರಿಂಟು ಕೊಡಿ, ತೊಟ್ಟೆಯಲ್ಲಿ ಜಾಗವಿದೆ.

ಓದುಗರೇ, ಅಲ್ಲಿಯವರೆಗೆ ತೊಟ್ಟೆಯನ್ನು ಬಿಸಾಡಬೇಡಿ. ಖಾಲಿಯಾದ ಸ್ಟ್ರಿಪ್ಪನ್ನೂ ಅದರಲ್ಲೇ ಹಾಕಿಡಿ.